ನೆಲಮಾಳಿಗೆಯ ಹನ್ನೆರಡನೆಯ ಗೋರಿ

ಬೊಬೊಕುಲ್‌ಗೆ ಮಣ್ಣಿನ ಮೇಲಿದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಮೂವತ್ತು ವರ್ಷ ಸಮರ್ಕಂದಿನ ಉತ್ಖನನಗಳಲ್ಲಿ ಕರಣೆ ಹಿಡಿದವನು. ಪುರಾತತ್ವ ಸಂಸ್ಥೆಯ ಪದವೀಧರರು ಪುಸ್ತಕ ತಿರುವಿಹಾಕಿ ಹೇಳುವುದನ್ನು ಅವನು ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಉಜ್ಜಿ ಹೇಳಿಬಿಡುತ್ತಿದ್ದ: ಇದು ಹುಟ್ಟಿದಲ್ಲೇ ಇರುವ ಮಣ್ಣು, ಇದು ಯಾರೋ ಅಗೆದು ಮತ್ತೆ ತುಂಬಿದ ಮಣ್ಣು. ಇಷ್ಟಿದ್ದರೂ ಅವನ ಹೆಸರು ಒಂದು ವರದಿಯಲ್ಲೂ ಬಂದಿರಲಿಲ್ಲ. ವರದಿಗಳಲ್ಲಿ ‘ಕೂಲಿಗಳು, ಆರು ಮಂದಿ’ ಎಂದಿರುತ್ತಿತ್ತು. ಆ ಆರರಲ್ಲಿ ಅವನೊಬ್ಬ.

ಅಂಥವನು ಸ್ವಂತ ಅಜ್ಜನ ಮನೆಯ ನೆಲಮಾಳಿಗೆಯಲ್ಲಿ, ಅದೂ ಮೊದಲ ದಿನವೇ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಮಾಡದ ತಪ್ಪು ಮಾಡಿದ.

ಮನೆ ಹಳೇ ಊರಿನ ಒಳಗೆ, ರೇಷ್ಮೆ ವ್ಯಾಪಾರಿಗಳ ಕೇರಿಯಲ್ಲಿತ್ತು. ಎರಡಂತಸ್ತು, ಸುಟ್ಟ ಇಟ್ಟಿಗೆಯದು, ಇನ್ನೂರು ವರ್ಷ ಹಳೆಯದು. ಮೂವತ್ತರ ದಶಕದಲ್ಲಿ ಸರ್ಕಾರ ಅದನ್ನು ಕಿತ್ತುಕೊಂಡಿತು. ಆಮೇಲೆ ಅದು ಔಷಧದ ಗೋದಾಮಾಯಿತು, ಯಾವುದೋ ಕಚೇರಿಯಾಯಿತು, ಕೊನೆಗೆ ಪಾರಿವಾಳಗಳ ಪಾಲಾಯಿತು. ಸೋವಿಯತ್ ಕಾಲ ಮುಗಿದು ಏಳು ವರ್ಷವಾದ ಮೇಲೆ ತೊಖ್ತಮುರೊದ್ ಎಂಬ ಹೊಸ ಸಾಹುಕಾರ ಅದನ್ನು ಕೊಂಡ. ಮೇಲೆ ಪ್ರವಾಸಿಗರಿಗೆ ವಸತಿ, ಕೆಳಗೆ ನೆಲಮಾಳಿಗೆಯಲ್ಲಿ ತಣ್ಣಗೆ ಕೂತು ಚಹಾ ಕುಡಿಯುವ ಜಾಗ, ಇದು ಅವನ ಯೋಚನೆ. ನೆಲಮಾಳಿಗೆಯ ನೆಲ ಒಂದು ಕಡೆ ಕುಸಿದಿತ್ತು. ಹಳೇ ಊರಿನಲ್ಲಿ ಕಾಂಕ್ರೀಟ್ ಸುರಿಯುವ ಮೊದಲು ಕೆಳಗೇನಿದೆ ಎಂದು ಅಗೆದು ನೋಡಲೇಬೇಕೆಂಬ ಕಾನೂನು ಇದ್ದುದರಿಂದ ಪುರಾತತ್ವ ಸಂಸ್ಥೆಯ ಮಲೊಹತ್ ಎಂಬಾಕೆ ಆರು ಜನರನ್ನು ಕಟ್ಟಿಕೊಂಡು ಬಂದಳು. ಇಪ್ಪತ್ತು ದಿನದ ಗಡುವು.

ಕೆಲಸ ಸಿಕ್ಕ ಸುದ್ದಿ ಹೇಳಿದಾಗ ಬೊಬೊಕುಲ್‌ನ ತಾಯಿ ಹೊಸಿಯತ್ ಚಹಾದ ಬಟ್ಟಲು ಕೆಳಗಿಟ್ಟು ಬಹಳ ಹೊತ್ತು ನಕ್ಕಳು. ಎಪ್ಪತ್ತಾರು ವರ್ಷದ ಮುದುಕಿ, ಹುಟ್ಟಿದ್ದು ಆ ಮನೆಯಲ್ಲೇ.

“ಬೀಬಿ ಮನೆ ಅಗೀತೀಯಾ? ನಿಧಾನಕ್ಕೆ ಅಗಿ ಮಗಾ. ನಮ್ಮ ಬೀಬಿ ಓಡಾಡಿದ ನೆಲ ಅದು.”

ಆ ಮನೆ ಅವಳ ಬಾಯಲ್ಲಿ ಎಂದೂ ಅಪ್ಪನ ಮನೆಯಾಗಿರಲಿಲ್ಲ. ಬೀಬಿ ಎಂದರೆ ಅವಳ ಅಪ್ಪನ ತಾಯಿ, ಬೀಬಿ ಸೋಲಿಹಾ. ತಾಯಿಯಿಲ್ಲದ ಐದು ವರ್ಷದ ಮಗುವನ್ನು ಎದೆಗವಚಿಕೊಂಡು ಸಾಕಿ, ಮನೆ ಕೈಬಿಟ್ಟ ಮೇಲೆ ಬಾಡಿಗೆ ಕೋಣೆಯಲ್ಲಿ ಟೋಪಿಗಳಿಗೆ ಕಸೂತಿ ಹಾಕಿ ಓದಿಸಿ, ಮದುವೆಯನ್ನೂ ಮಾಡಿಕೊಟ್ಟ ಹೆಂಗಸು. ಹೊಸಿಯತ್‌ಗೆ ದೇವರ ನಂತರ ಬೀಬಿ. ಕೆಲವು ದಿನ ಬೀಬಿಯೇ ಒಂದು ಕೈ ಮುಂದಿದ್ದಳು ಅನ್ನಬೇಕು.

ತಾಯಿಯಿಲ್ಲದ ಮಗು ಎಂದೆನಲ್ಲ, ಹೊಸಿಯತ್‌ಳ ತಾಯಿ ಸತ್ತಿದ್ದಳೆಂದು ಯಾರೂ ಹೇಳಿರಲಿಲ್ಲ. ಇಪ್ಪತ್ತೇಳನೇ ಇಸವಿಯ ವಸಂತದಲ್ಲಿ ಹೊಸ ಸೋವಿಯತ್ ಸರ್ಕಾರ ಹೆಂಗಸರನ್ನು ಚೌಕಕ್ಕೆ ಕರೆದು, ಅಡಿಯಿಂದ ಮುಡಿಯವರೆಗೆ ಮುಚ್ಚುವ ಪರಂಜಿಗಳನ್ನು ಬೆಂಕಿಗೆ ಹಾಕಿಸಿತು. ಹಾಗೆ ಹಾಕಿದವರಲ್ಲಿ ಅವಳೂ ಒಬ್ಬಳು. ಇಪ್ಪತ್ತಮೂರು ವರ್ಷದವಳು, ಬರಿಮುಖದಲ್ಲಿ ಬಜಾರಿನ ನಡುವೆ ನಡೆದು ಮನೆಗೆ ಬಂದಳು. ಮೂರನೆಯ ದಿನ ಅವಳು ಮನೆಯಲ್ಲಿರಲಿಲ್ಲ. ಅಕ್ಷರ ಕಲಿಸುವ ಮೇಷ್ಟರ ಜೊತೆ ತಾಷ್ಕೆಂಟಿಗೆ ಓಡಿಹೋದಳು ಎಂದು ಮನೆಯವರು ಹೇಳಿದರು. ಕೇರಿ ಬಾಯಿ ಚಪ್ಪರಿಸಿಕೊಂಡು ನಂಬಿತು. ಹೊಸಿಯತ್ ಎಪ್ಪತ್ತು ವರ್ಷ ನಂಬಿದಳು. ಶಾಲೆಯಲ್ಲಿ ಅವಳು ಓಡಿಹೋದವಳ ಮಗಳು. ಮದುವೆಯ ವಯಸ್ಸಿನಲ್ಲಿ ಹೆಣ್ಣು ಕೇಳಲು ಒಬ್ಬರೂ ಬಾಗಿಲಿಗೆ ಬರಲಿಲ್ಲ, ಕೊನೆಗೆ ಹೆಂಡತಿ ಸತ್ತ ರೈಲ್ವೆ ನೌಕರನೊಬ್ಬನಿಗೆ ಕೊಟ್ಟರು. ತಾಯಿಯನ್ನು ಅವಳು ‘ಅವಳು’ ಎಂದಷ್ಟೇ ಅನ್ನುತ್ತಿದ್ದಳು. ಮೊಮ್ಮಗಳು ಹಟ ಹಿಡಿದರೆ ‘ಅವಳ ರಕ್ತ’ ಎಂದು ಮುಖ ತಿರುಗಿಸುತ್ತಿದ್ದಳು. ಅಜ್ಜಿಯ ಹೆಸರು ಜಿಯ್ನತ್ ಎಂದು ಬೊಬೊಕುಲ್‌ಗೆ ತಿಳಿದದ್ದು ತಾಯಿಯ ಜನನಪತ್ರ ನೋಡಿ.

ಇನ್ನು ಅವನ ತಪ್ಪಿನ ಮಾತು. ಮೊದಲ ದಿನ ನೆಲದ ಇಟ್ಟಿಗೆ ಎಬ್ಬಿಸುವ ಕೆಲಸ. ನೆಲದ ತುಂಬ ಚೌಕ ಇಟ್ಟಿಗೆಗಳು, ನಡುವೆ ಬರೀ ಜೇಡಿಮಣ್ಣು, ಕರಣೆ ತೂರಿಸಿದರೆ ಎದ್ದು ಬರುತ್ತಿದ್ದವು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಮಾತ್ರ ಇಟ್ಟಿಗೆಗಳನ್ನು ಗಾರೆಯಲ್ಲಿ ಕೂರಿಸಿದ್ದರು. ಉಳಿದ ನೆಲಕ್ಕಿಂತ ಈಚಿನ ಕೆಲಸ ಅದು. ಬೇರೆ ಯಾವ ಜಾಗವಾಗಿದ್ದರೂ ಅವನು ಕೈ ನಿಲ್ಲಿಸಿ ಮಲೊಹತ್‌ಳನ್ನು ಕೂಗುತ್ತಿದ್ದ, ಅವಳು ಬಂದು ಚಿತ್ರ ಬರೆದುಕೊಳ್ಳುತ್ತಿದ್ದಳು. ಇದು ತನ್ನದೇ ಮನೆಯಲ್ಲವೇ? ಅಜ್ಜ ಯಾವಾಗಲೋ ರಿಪೇರಿ ಮಾಡಿಸಿರಬೇಕು ಅಂದುಕೊಂಡ. ತೊಖ್ತಮುರೊದ್ ಬೇರೆ ಮೆಟ್ಟಿಲ ಮೇಲೆ ನಿಂತು, ಬೊಬೊಕುಲಣ್ಣ, ನಿನ್ನ ನಿಧಾನ ನೋಡಿದ್ರೆ, ನೀನು ಅಗೆದು ಮುಗಿಸೋಷ್ಟರಲ್ಲಿ ಪ್ರಳಯದ ದಿನ ಬಂದು ಸತ್ತವರು ತಾವಾಗೇ ಎದ್ದು ಬರ್ತಾರೆ ಎಂದು ತಮಾಷೆ ಮಾಡುತ್ತಿದ್ದ. ಎಲ್ಲರೂ ನಕ್ಕರು. ಗಾರೆಯ ಇಟ್ಟಿಗೆಗಳು ತಳ್ಳುಗಾಡಿಯಲ್ಲಿ ಹೊರಗೆ ಹೋದವು.

ಎದೆಯಾಳಕ್ಕೆ ಇಳಿದ ಮೇಲೆ ಗೋರಿಗಳು ಸಿಕ್ಕವು. ಒಂದಲ್ಲ ಎರಡಲ್ಲ, ಹನ್ನೊಂದು. ಮನೆ ಕಟ್ಟುವುದಕ್ಕೂ ಬಹಳ ಹಿಂದೆ ಅಲ್ಲೊಂದು ಸ್ಮಶಾನವಿತ್ತು, ಅದು ಮರೆತುಹೋದ ಮೇಲೆ ಮನೆ ಎದ್ದಿತ್ತು. ಸಮರ್ಕಂದಿನಲ್ಲಿ ಇದು ದೊಡ್ಡ ಸುದ್ದಿಯೇನಲ್ಲ. ಇಲ್ಲಿ ಯಾರ ಮನೆ ಅಗೆದರೂ ಯಾರೋ ಮಲಗಿರುತ್ತಾರೆ. ಹೀಗೆ ಮೂಳೆ ಸಿಕ್ಕಾಗ ಕೇರಿಯ ಇಮಾಮರನ್ನು ಕರೆಸುವುದು ವಾಡಿಕೆ. ಅವರು ಬಂದು ಸತ್ತವರ ಮುಖ ಎತ್ತ ತಿರುಗಿದೆ ಎಂದು ನೋಡುತ್ತಾರೆ. ಮೆಕ್ಕಾದ ಕಡೆಗಿದ್ದರೆ ನಮ್ಮವರು, ಪ್ರಾರ್ಥನೆ ಮಾಡಿ ಮತ್ತೆ ಮಣ್ಣು ಮಾಡಬೇಕು. ಬೇರೆ ಕಡೆಗಿದ್ದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ. ಹನ್ನೊಂದೂ ಮುಖಗಳು ಮೆಕ್ಕಾದ ಕಡೆಗಿದ್ದವು.

ಹನ್ನೆರಡನೆಯದು ಸಿಕ್ಕಿದ್ದು ಸೋಮವಾರ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಮೊಣಕಾಲಿನ ಆಳದಲ್ಲಿ. ಗುಂಡಿಯ ಪಕ್ಕಕ್ಕೆ ಗೂಡು ಕೊರೆದು, ಒಳಗೆ ಹೆಣ ಮಲಗಿಸಿ, ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಬಾಯಿ ಮುಚ್ಚಿದ್ದರು. ಶಾಸ್ತ್ರದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಬಲ ಮಗ್ಗುಲು, ಮೆಕ್ಕಾದತ್ತ ಮುಖ, ಗದ್ದಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಯ ಚೂರು ಕೂಡ ಉಳಿದಿತ್ತು. ತಲೆಗೂದಲನ್ನು ಎರಡು ಪಾಲು ಮಾಡಿ ಎದೆಯ ಮೇಲೆ ಇಳಿಬಿಟ್ಟಿದ್ದರು, ಅದೂ ಉಳಿದಿತ್ತು. ಇಮಾಮರು ನೋಡಿ, ಯಾರೋ ಒಳ್ಳೇ ಮನೆತನದ ಹೆಣ್ಣುಮಗಳು ಎಂದು ಗಡ್ಡ ನೀವಿಕೊಂಡರು. ಮಲೊಹತ್ ತನ್ನ ಪುಸ್ತಕದಲ್ಲಿ ‘ಹನ್ನೆರಡು, ಅದೇ ಸ್ಮಶಾನ’ ಎಂದು ಬರೆದಳು. ಕೊಂದವರು ಹೆಣವನ್ನು ಬಾವಿಗೋ ಕಾಲುವೆಗೋ ಎಸೆಯುತ್ತಾರೆ ಎಂಬುದೇ ಎಲ್ಲರಿಗೂ ಗೊತ್ತಿದ್ದದ್ದು. ಇಷ್ಟು ಅಚ್ಚುಕಟ್ಟಾಗಿ ಮಲಗಿಸಿದ ಹೆಣದ ಬಗ್ಗೆ ನಮ್ಮ ಜನಕ್ಕೆ ಅನುಮಾನವೇ ಬರುವುದಿಲ್ಲ.

ಬೊಬೊಕುಲ್‌ಗೂ ಬರಲಿಲ್ಲ. ಅವನು ಮಂಡಿಯೂರಿ ಕುಂಚದಿಂದ ತಲೆಬುರುಡೆಯ ಬಾಯೊಳಗಿನ ಧೂಳು ತೆಗೆಯುತ್ತಿದ್ದ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ಹಿಂದೆ, ಅಂಗುಳದ ಕಡೆ, ಅಕ್ಕಿಕಾಳಿನಷ್ಟು ಇನ್ನೊಂದು ಹಲ್ಲಿತ್ತು.

ಅವನ ನಾಲಿಗೆ ತನ್ನಷ್ಟಕ್ಕೆ ತನ್ನ ಬಾಯಿಯ ಅದೇ ಜಾಗಕ್ಕೆ ಹೋಯಿತು. ಅವನಿಗೂ ಅಲ್ಲಿ ಅಂಥದೇ ಹಲ್ಲಿತ್ತು. ಅವನ ತಾಯಿಗಿತ್ತು, ಈಗ ಅವಳ ಬಾಯಲ್ಲಿ ಉಳಿದಿರುವ ಐದಾರು ಹಲ್ಲುಗಳಲ್ಲಿ ಅದೂ ಒಂದು. ಅವನ ದೊಡ್ಡ ಮಗಳಿಗೂ ಇತ್ತು, ಹೋದ ವರ್ಷ ಕೀಳಿಸಿದ್ದರು. ಮೂವತ್ತು ವರ್ಷದಲ್ಲಿ ಅವನು ಸಾವಿರ ಸತ್ತವರ ಹಲ್ಲು ನೋಡಿದ್ದ, ಇಂಥದನ್ನು ನೋಡಿರಲಿಲ್ಲ. ಕುಂಚ ಕೆಳಗಿಳಿದು ಕುತ್ತಿಗೆಯ ಮೂಳೆಗೆ ಬಂತು. ಅಲ್ಲೊಂದು ಗೆರೆಯಿತ್ತು, ನೇರ, ಆಳ. ಕರಣೆ ತಾಗಿ ಆದ ಗೆರೆ ಮೂಳೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಇದು ಮೂಳೆಯಷ್ಟೇ ಕಂದು, ಮಣ್ಣಿಗೆ ಹೋಗುವ ಮೊದಲೇ ಬಿದ್ದದ್ದು. ಆಗ ಅವನಿಗೆ ಗಾರೆಯ ಇಟ್ಟಿಗೆಗಳು ನೆನಪಾದವು. ಈ ಗುಂಡಿಯನ್ನು ಅಗೆದದ್ದು ಸ್ಮಶಾನದ ಕಾಲದಲ್ಲಲ್ಲ. ನೆಲಮಾಳಿಗೆಯ ನೆಲವನ್ನು ಎಬ್ಬಿಸಿ, ಅಗೆದು, ಮುಚ್ಚಿ, ಮೇಲೆ ಗಾರೆ ಹಾಕಿದ್ದರು. ಅದಕ್ಕಿದ್ದ ಒಂದೇ ಸಾಕ್ಷಿಯನ್ನು ಅವನೇ ನಗುನಗುತ್ತ ಹೊರಗೆ ಸುರಿದು ಬಂದಿದ್ದ.

“ಏನಾಯ್ತು ಉಸ್ತಾದ್? ಮುಖ ಬಿಳಿಚಿಕೊಂಡಿದೆ” ಎಂದಳು ಮಲೊಹತ್.

“ಧೂಳು, ತಂಗಿ” ಎಂದ ಬೊಬೊಕುಲ್.

ಅಂದು ಹೇಳಬೇಕಿತ್ತು. ಹೇಳಲಿಲ್ಲ. ಅವನನ್ನು ಹೇಡಿ ಎಂದು ಬೈಯುವುದು ಸುಲಭ, ಅವನೇ ಆ ಮೂರು ದಿನದಲ್ಲಿ ತನ್ನನ್ನು ಸಾಕಷ್ಟು ಬೈದುಕೊಂಡ. ಬರಿಮುಖದಲ್ಲಿ ಬಜಾರಿನಲ್ಲಿ ನಡೆದದ್ದಕ್ಕೆ ಅಜ್ಜ ಹೆಂಡತಿಯನ್ನೇ ಕೊಂದಿದ್ದನೆಂಬುದು ಅವನಿಗೆ ಅಷ್ಟು ತಟ್ಟಲಿಲ್ಲ. ಆ ಮನುಷ್ಯನನ್ನು ಮೂವತ್ತೇಳನೇ ಇಸವಿಯಲ್ಲಿ ಸರ್ಕಾರದ ಪೊಲೀಸರು ಕರೆದೊಯ್ದು ಎಲ್ಲೋ ಮುಗಿಸಿದ್ದರು, ಅವನ ಮುಖವನ್ನೇ ಇವನು ಕಂಡಿರಲಿಲ್ಲ. ತಟ್ಟಿದ್ದು ತಾಯಿಯ ಯೋಚನೆ. ಅಮ್ಮ, ನಿಮ್ಮ ತಾಯಿ ಓಡಿಹೋಗಲಿಲ್ಲ ಎಂದು ಹೇಳಿದರೆ ಅವಳು ಎಪ್ಪತ್ತು ವರ್ಷದ ಶಾಪವನ್ನು ಎಲ್ಲಿಡುತ್ತಾಳೆ? ಅದಾದ ಮೇಲೆ ಅವಳು ಕೇಳುವ ಪ್ರಶ್ನೆ ಒಂದೇ. ಬೀಬಿಗೆ ಗೊತ್ತಿತ್ತಾ? ಹೆಂಗಸಿನ ಹೆಣವನ್ನು ಗಂಡಸು ಮುಟ್ಟಿ ತೊಳೆಯುವಂತಿಲ್ಲ, ಗಂಡನಾದರೂ ಸರಿ. ಆ ಕೂದಲನ್ನು ಎರಡು ಪಾಲು ಮಾಡಿದ ಕೈ ಹೆಂಗಸಿನದು. ಅದು ಯಾರ ಕೈ ಎಂದು ಬೊಬೊಕುಲ್‌ಗೆ ಹೊಳೆದಿತ್ತು, ಹೊಳೆದದ್ದನ್ನು ಒಳಗೇ ನುಂಗಲು ನೋಡುತ್ತಿದ್ದ. ತಾಯಿಗೆ ಸಿಗುವುದು ಒಬ್ಬಳು ಸತ್ತ ತಾಯಿ, ಹೋಗುವುದು ಬದುಕಿಡೀ ಪ್ರೀತಿಸಿದ ಬೀಬಿ. ಇನ್ನು ನಾಲ್ಕು ದಿನ ಇರುವ ಮುದುಕಿಗೆ ಈ ವ್ಯಾಪಾರ ಬೇಕೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಕುಂಚ ಹಿಡಿದಾಗಲೆಲ್ಲ ನಾಲಿಗೆ ಆ ಹಲ್ಲಿನ ಮೇಲೆ ಹೋಗಿ ಕೂರುತ್ತಿತ್ತು.

ಬುಧವಾರ ಬೆಳಿಗ್ಗೆ ಮೂಳೆಗಳನ್ನು ಒಯ್ಯಲು ಬಂದರು. ಕಾಂಕ್ರೀಟಿನ ಲಾರಿ ಮಧ್ಯಾಹ್ನಕ್ಕೆ ಬರುವುದಿತ್ತು. ಬೊಬೊಕುಲ್ ಮಲೊಹತ್‌ಳನ್ನು ಪಕ್ಕಕ್ಕೆ ಕರೆದು, ಮೂಲೆಯದನ್ನು ಬೇರೆಯಾಗಿ ಇಟ್ಟುಕೊಳ್ಳೋಣವೇ ಎಂದು ಕೇಳಿದ. ಯಾಕೆ ಎಂದಳು. ಕೂದಲಿದೆ, ಉಳಿದವಕ್ಕೆ ಇಲ್ಲ ಎಂದ. ಅದು ಒಲೆಯ ಹೊಗೆಗೂಡಿನ ಗೋಡೆ, ಆ ಮೂಲೆಯ ಮಣ್ಣು ಒಣಗಿದ್ದು, ಅದಕ್ಕೇ ಉಳಿದಿದೆ ಎಂದಳು. ಆಮೇಲೆ ಅವನ ಮುಖವನ್ನೇ ನೋಡಿದಳು. ಒಳ್ಳೆಯ ಹೆಂಗಸು ಮಲೊಹತ್, ಇದನ್ನು ಹೇಳಲೇಬೇಕು.

“ಉಸ್ತಾದ್, ನೀವು ಸುಮ್ಮನೆ ಕೇಳೋರಲ್ಲ. ಏನಾದ್ರೂ ಕಂಡಿದ್ರೆ ಈಗ್ಲೇ ಹೇಳಿ. ಲಾರಿ ವಾಪಸ್ ಕಳಿಸ್ತೀನಿ, ಈ ಸಾಹುಕಾರ ಕೂಗಾಡ್ಲಿ ಬಿಡಿ.”

ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಐದು ಜನ ಕೂಲಿಗಳು, ಇಮಾಮರು, ತೊಖ್ತಮುರೊದ್, ಎಲ್ಲರೂ ನಿಂತಿದ್ದರು. ಸಂಜೆಯೊಳಗೆ ಇಡೀ ಹಳೇ ಊರಿಗೆ ಹಬ್ಬುತ್ತದೆ, ತಾಯಿಗೆ ಬೀದಿಯವರ ಬಾಯಿಂದ ಗೊತ್ತಾಗುತ್ತದೆ.

“ಏನಿಲ್ಲ ತಂಗಿ” ಎಂದ.

ಮಾತಾಡದವನು ಕೆಲಸವನ್ನು ಮಾತ್ರ ಒಪ್ಪವಾಗಿ ಮಾಡಿದ. ಮೂಲೆಯ ಮೂಳೆಗಳನ್ನು ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಕೂದಲನ್ನು ಅಂಗೈಯಲ್ಲಿ ಎತ್ತಿ, ಸಣ್ಣ ಬೆರಳಿನ ಎಲುಬುಗಳನ್ನು ಒಂದೊಂದಾಗಿ ಆಯ್ದು ಬಿಳಿ ಬಟ್ಟೆಯ ಮೇಲಿಟ್ಟ. ಆದರೆ ಬಟ್ಟೆ ಮೂರೇ ತಂದಿದ್ದರು. ನಾಲ್ಕು ನಾಲ್ಕು ಜನರನ್ನು ಒಂದೊಂದು ಬಟ್ಟೆಯಲ್ಲಿ ಕಟ್ಟಿದರು. ಇಮಾಮರು ಗಂಟು ಹಾಕುವಾಗ ಅವನು ನೋಡುತ್ತ ನಿಂತಿದ್ದ. ಊರಾಚೆಯ ಸ್ಮಶಾನದಲ್ಲಿ ಒಂದೇ ಗುಂಡಿ ತೋಡಿ ಮೂರೂ ಗಂಟುಗಳನ್ನು ಇಳಿಸಿದರು. ಹೆಸರು ಗೊತ್ತಿಲ್ಲದವರಿಗಾಗಿ ಮಾಡುವ ಪ್ರಾರ್ಥನೆ ಮಾಡಿದರು. ಹೆಸರು ಗೊತ್ತಿದ್ದ ಒಬ್ಬನೂ ಅವರ ಜೊತೆ ಆಮೀನ್ ಎಂದ. ಅವನು ಮಧ್ಯಾಹ್ನ ವಾಪಸಾದಾಗ ನೆಲಮಾಳಿಗೆಗೆ ಕಾಂಕ್ರೀಟ್ ಇಳಿಯುತ್ತಿತ್ತು.

ಮರುದಿನ ಗುರುವಾರ. ಸತ್ತವರ ಆತ್ಮಗಳು ಆ ಸಂಜೆ ತಮ್ಮ ಮನೆಯ ಬಾಗಿಲಿಗೆ ಬರುತ್ತವೆ, ಕಾಯ್ದ ಎಣ್ಣೆಯ ವಾಸನೆಯಿಂದ ಅವುಗಳ ಹಸಿವು ತಣಿಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಹೊಸಿಯತ್ ಪ್ರತಿ ಗುರುವಾರ ತೆಳ್ಳನೆಯ ರೊಟ್ಟಿ ಕರಿಯುತ್ತಿದ್ದಳು, ಮೊದಲನೆಯದು ಯಾವಾಗಲೂ ಬೀಬಿಯ ಹೆಸರಿಗೆ. ಆ ಸಂಜೆಯೂ ಬಾಣಲೆಯಿಂದ ರೊಟ್ಟಿ ಎತ್ತಿ ತಟ್ಟೆಗಿಟ್ಟು, ಬೀಬಿ ಸೋಲಿಹಾ ಎಂದು ಹೆಸರು ಹಿಡಿದು ಎರಡೂ ಕೈ ಎತ್ತಿದಳು. ಬೊಬೊಕುಲ್ ಎದುರಿಗೆ ಕೂತಿದ್ದ. ಅವನ ಕೈ ಮೇಲೇಳಲಿಲ್ಲ.

ಏನಾಯಿತೆಂದು ತಾಯಿ ಕೇಳಿದಳು. ಅವನು ಹೇಳಿಬಿಟ್ಟ. ಮೆಟ್ಟಿಲ ಕೆಳಗಿನ ಮೂಲೆ, ಗಾರೆ, ಕುತ್ತಿಗೆಯ ಗೆರೆ, ಹಲ್ಲು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದ. ತಾಯಿ ಒಲೆ ಆರಿಸಿದಳು. ಅಳಲಿಲ್ಲ. ಬೆರಳನ್ನು ಬಾಯೊಳಗೆ ಹಾಕಿ ತನ್ನ ಹಲ್ಲನ್ನು ಮುಟ್ಟಿ ನೋಡಿಕೊಂಡಳು.

“ಕೂದಲು ಹ್ಯಾಗಿತ್ತು?” ಎಂದು ಕೇಳಿದಳು.

“ಎರಡು ಪಾಲು ಮಾಡಿ ಎದೆ ಮೇಲೆ ಹಾಕಿದ್ರು, ಅಮ್ಮ.”

“ಗದ್ದ ಕಟ್ಟಿತ್ತಾ?”

“ಕಟ್ಟಿತ್ತು.”

“ಗಂಡಸರಿಗೆ ಇದೆಲ್ಲ ಗೊತ್ತಿರಲ್ಲ.” ಅವಳು ಎಣ್ಣೆಯ ಕೈಗಳನ್ನು ಒರೆಸಿ ಮಡಿಲಲ್ಲಿಟ್ಟುಕೊಂಡಳು. “ಹೆಣ ತೊಳೆಯೋರನ್ನ ಕರೆಸಿದ್ರೆ ಊರಿಗೆಲ್ಲ ಹೇಳ್ತಿದ್ರು. ಮನೇಲಿದ್ದ ಹೆಂಗಸರು ಇಬ್ಬರೇ. ಒಬ್ಬರು ಬೀಬಿ. ಇನ್ನೊಬ್ಬಳು ನಾನು.”

“ನೀವು ಐದು ವರ್ಷದ ಮಗು, ಅಮ್ಮ. ನಿಮಗೇನು ಗೊತ್ತು.”

“ನೀರು ತಂದುಕೊಟ್ಟಿದ್ದು ನಾನೇ.”

ಬೊಬೊಕುಲ್ ತಲೆಯೆತ್ತಿದ.

ಅವಳು ನಿಧಾನವಾಗಿ ಹೇಳಿದಳು. ತಾಯಿ ಕಾಣೆಯಾದ ದಿನ ಅವಳು ಅಳುತ್ತಿದ್ದಳಂತೆ. ಬೀಬಿ ನೆಲಮಾಳಿಗೆಯಲ್ಲಿ ಉಣ್ಣೆ ತೊಳೆಯುತ್ತಿದ್ದೇನೆ, ಅಳುವುದು ಬಿಟ್ಟು ಅಂಗಳದ ಹಂಡೆಯಿಂದ ಬಿಸಿನೀರು ತಂದುಕೊಡು ಎಂದಳಂತೆ. ತಾಮ್ರದ ಚಿಕ್ಕ ಹೂಜಿ, ಎರಡು ಕೈಯಲ್ಲಿ ಹಿಡಿದು ತರಬೇಕಿತ್ತು. ಎಷ್ಟು ಸಲ ತಂದಳೋ ಲೆಕ್ಕವಿಲ್ಲ. ಮೆಟ್ಟಿಲ ಮೇಲೆ ನಿಂತು ಕೊಡುವಳು, ಬೀಬಿ ಅರ್ಧ ಮೆಟ್ಟಿಲು ಹತ್ತಿ ಬಂದು ತೆಗೆದುಕೊಳ್ಳುವಳು, ಕೆಳಗೆ ಇಣುಕಲು ಬಿಡಲಿಲ್ಲ. ಕೊನೆಗೆ ಒಂದು ತುಂಡು ಕಲ್ಲುಸಕ್ಕರೆ ಕೊಟ್ಟು, ಜಾಣೆ ಎಂದು ತಲೆ ಸವರಿದಳು. ಬೀಬಿಯ ಕೈ ಒದ್ದೆಯಾಗಿತ್ತು. ಅಷ್ಟು ಪ್ರೀತಿ ಅವಳಿಗೆ ಅದುವರೆಗೆ ಯಾರೂ ತೋರಿಸಿರಲಿಲ್ಲವಂತೆ. ಆ ದಿನದಿಂದಲೇ ತಾನು ಬೀಬಿಯ ಮಗಳಾದದ್ದು ಎಂದಳು.

“ಒಂಬತ್ತು ವರ್ಷ ಆಗೋವರೆಗೂ ಆ ಮೆಟ್ಟಿಲ ಮೇಲೆ ಆಡಿದೀನಿ. ಕೂತು ಅವಳನ್ನ ಬೈದಿದೀನಿ. ಅವಳು ಅಲ್ಲೇ ಕೆಳಗಿದ್ಲು.” ಅವಳು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದಳು. “ಈಗೆಲ್ಲಿದಾಳೆ?”

ಅವನು ಹೇಳಿದ. ಊರಾಚೆಯ ಸ್ಮಶಾನ, ಒಂದು ಗುಂಡಿ, ಮೂರು ಗಂಟು, ಒಂದೊಂದರಲ್ಲಿ ನಾಲ್ಕು ಜನ. ಈಗ ತೆಗೆದು ಹಲ್ಲು, ಕೂದಲು ಗುರುತಿಸಿದರೂ ಉಳಿದ ಮೂಳೆಗಳನ್ನು ಬೇರ್ಪಡಿಸುವುದು ಕಷ್ಟ. ನಾನೇ ಎತ್ತಿಟ್ಟೆ ಅಮ್ಮ, ಒಂದು ಎಲುಬೂ ಬಿಡದ ಹಾಗೆ ಆಯ್ದೆ ಎಂದ.

“ಹೆಸರು ಹೇಳಿದ್ಯಾ ಅವರಿಗೆ? ಯಾರ ಮಗಳು, ಯಾರ ತಾಯಿ ಅಂತ?”

“ಇಲ್ಲ.”

“ಅವಳೇ ಅಂತ ನಿನಗೆ ಗೊತ್ತಾಗಿದ್ದು ಯಾವತ್ತು?”

“ಸೋಮವಾರ.”

ತಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೀಬಿಯ ಹೆಸರಿನ ರೊಟ್ಟಿ ಅದರಲ್ಲಿ ಹಾಗೇ ಇತ್ತು.

“ಬೀಬಿ ಎಲ್ಲಾ ಸರಿಯಾಗೇ ಮಾಡಿದ್ರು. ತೊಳೆದ್ರು, ಕೂದಲು ಬಾಚಿದ್ರು, ಮುಖ ಮೆಕ್ಕಾ ಕಡೆ ತಿರುಗಿಸಿ ಮಲಗಿಸಿದ್ರು. ಒಂದು ಮಾತು ಮಾತ್ರ ಹೇಳ್ಲಿಲ್ಲ. ನೀನೂ ಹಂಗೇ ಮಾಡ್ದೆ ಮಗಾ.”

ಬೊಬೊಕುಲ್ ಏನೋ ಹೇಳಲು ಹೋದ. ಅವಳು ಕೈ ಅಡ್ಡ ಹಿಡಿದು, ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತಿರು, ನಿನ್ನ ಮುಖ ನೋಡಲಾರೆ ಅಂದಳು. ಅವನು ಎದ್ದು ಅಂಗಳಕ್ಕೆ ಹೋದ.